ಮೊಳಕೆ: ಪದದ ಅರ್ಥ ಮತ್ತು ಮೂಲ

ಬೀಜದ ಮೊದಲ ಬೆಳವಣಿಗೆಯನ್ನು ಸೂಚಿಸುವ ‘ಮೊಳಕೆ’ ಅಚ್ಚಗನ್ನಡ ಪದ. ಇದರ ಮೂಲ ‘ಮೊಳೆ’ ಎಂಬ ಧಾತು. ಬೀಜವೊಡೆದು ಹೊರಬರು ಎಂಬುದು ಅದರ ಅರ್ಥ. ‘ಹೊದೆ’ಯಿಂದ ‘ಹೊದಿಕೆ’ ಆದಂತೆ, ‘ಕೆ’ ಪ್ರತ್ಯಯ ಸೇರಿ ‘ಮೊಳಕೆ’ ಎಂಬ ಕೃದಂತನಾಮವಾಯಿತು. ತಮಿಳಿನ ‘ಮುಳೈ’, ತೆಲುಗಿನ ‘ಮೊಲಕ’ ಇದರ ಜ್ಞಾತಿಪದಗಳು. ‘ಅಂಕುರ’ವಾದರೋ ಸಂಸ್ಕೃತದಿಂದ ಬಂದ ತತ್ಸಮ.

ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ವಿಜಯನಗರದ ಅಚ್ಯುತರಾಯನ ಕಾಲದ (1529–1542) ಕನ್ನಡ ಶಾಸನಗಳಿವೆ. ಇಂದು ಆ ಸೀಮೆಯ ವ್ಯವಹಾರದಲ್ಲಿ ತೆಲುಗು ಪ್ರಧಾನ. ಆದ್ದರಿಂದ ಹಿಂದೂಪುರ, ಕಲ್ಯಾಣದುರ್ಗ ಕಡೆಯ ಕನ್ನಡ ಶಾಲೆಯ ಮಗು ‘ಮೊಲಕೆ’ ಎಂದು ಬರೆದರೆ ಅದು ಸಹಜ. ಎರಡು ಸೋದರ ಭಾಷೆಗಳು ಒಂದೇ ನಾಲಗೆಯಲ್ಲಿ ಕೂಡಿದುದರ ಫಲ. ಗದರಿದರೆ ಮಗು ಮರುದಿನ ಬಾಯಿ ತೆರೆಯದು. ಶಿಕ್ಷಕರು ಎರಡೂ ಪದಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಇಲ್ಲಿ ಕನ್ನಡದ ‘ಳ’ಕಾರವಿರುವೆಡೆ ತೆಲುಗಿನಲ್ಲಿ ‘ಲ’ಕಾರವಿರುವುದನ್ನು ತೋರಿಸಬೇಕು. ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳು ಒಂದೆರಡು ದಿನಗಳಲ್ಲಿ ಮೊಳೆಯುತ್ತದೆ; ಮೊದಲು ಹೊರಬರುವುದು ಬೇರೆಂಬುದನ್ನು ಮಕ್ಕಳೇ ಕಂಡು ವಾಕ್ಯ ರಚಿಸಲಿ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ಆಗ ಬರಿಯ ಕಂಠಪಾಠವಾಗಿ ಉಳಿಯದೆ ಅವರ ಅನುಭವಕ್ಕೆ ಬರುತ್ತದೆ.