ಹಸಿವಿನ ಲೆಕ್ಕ ಬರೆಯುವವರು ಯಾರು?

ಹಸಿವು ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ ನಾವೆಲ್ಲ ಹೊಟ್ಟೆಯ ಮೇಲೆ ಕೈ ಇಡುತ್ತೇವೆ. ಹಿಂದಿನ ವಿಜ್ಞಾನಿಗಳೂ ಹಾಗೆಯೇ ತಿಳಿದಿದ್ದರು. 1912ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಎಂಬ ಪ್ರಾಧ್ಯಾಪಕರು ಒಂದು ಪ್ರಯೋಗ ಮಾಡಿದರು. ಅವರ ವಿದ್ಯಾರ್ಥಿ ವಾಶ್‌ಬರ್ನ್ ಒಂದು ಚಿಕ್ಕ ಬಲೂನನ್ನು ನುಂಗಿದ. ಅದಕ್ಕೆ ಕೊಳವೆ ಜೋಡಿಸಿ, ಹೊಟ್ಟೆ ಹಿಂಡಿದಂತಾದಾಗಲೆಲ್ಲ ಗುರುತು ಬೀಳುವಂತೆ ಮಾಡಿದ್ದರು. ಹೊಟ್ಟೆ ಹಿಂಡಿದಾಗಲೇ ಅವನಿಗೆ ಹಸಿವಿನ ಸಂಕಟವೂ ಆಗುತ್ತಿತ್ತು. ಆದರೆ ಕಾಯಿಲೆಯಿಂದಾಗಿ ಜಠರವನ್ನೇ ತೆಗೆಸಿಕೊಂಡವರಿಗೂ ಹಸಿವಾಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಅಂದರೆ ಹೊಟ್ಟೆ ವರದಿ ಕೊಡುತ್ತದೆ, ತೀರ್ಮಾನ ಬೇರೆಲ್ಲೋ ಆಗುತ್ತದೆ.

ನಾನು ವಾಣಿಜ್ಯ ವಿಭಾಗದವಳು. ಹತ್ತನೇ ತರಗತಿಯ ನಂತರ ಜೀವಶಾಸ್ತ್ರದ ಪುಸ್ತಕ ತೆರೆದಿರಲಿಲ್ಲ. ಈ ಲೇಖನಕ್ಕಾಗಿ ಓದುತ್ತಾ ಹೋದಂತೆ, ಇದೂ ನಮ್ಮ ಅಕೌಂಟೆನ್ಸಿಯ ಹಾಗೆಯೇ ಇದೆಯಲ್ಲ ಎನಿಸಿತು. ಆದ್ದರಿಂದ ನನಗೆ ತಿಳಿದ ಭಾಷೆಯಲ್ಲೇ ಹೇಳುತ್ತೇನೆ.

ಮುಖ್ಯ ಕಚೇರಿ

ಮಿದುಳಿನ ತಳಭಾಗದಲ್ಲಿ ಹೈಪೊಥಲಾಮಸ್ ಎಂಬ ಬಾದಾಮಿಯಷ್ಟು ದೊಡ್ಡ ಭಾಗವಿದೆ. ದೇಹದ ಉಷ್ಣತೆ, ಬಾಯಾರಿಕೆ, ಹಸಿವು ಇವೆಲ್ಲ ಅದರ ಉಸ್ತುವಾರಿ. ಅಲ್ಲಿ ಎರಡು ಬಗೆಯ ನರಕೋಶಗಳ ಗುಂಪುಗಳಿವೆ. ಒಂದು ಗುಂಪು 'ತಿನ್ನು' ಎನ್ನುತ್ತದೆ, ಇನ್ನೊಂದು 'ಸಾಕು' ಎನ್ನುತ್ತದೆ. ಯಾವುದರ ಮಾತು ನಡೆಯಬೇಕು ಎಂಬುದು ದೇಹದ ಬೇರೆ ಬೇರೆ ಕಡೆಯಿಂದ ರಕ್ತದಲ್ಲಿ ಬರುವ ಹಾರ್ಮೋನುಗಳ ಮೇಲೆ ನಿಂತಿದೆ.

ದಿನದ ನಗದು ಪುಸ್ತಕ

1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ಜಠರದಲ್ಲಿ ಹುಟ್ಟುವ ಒಂದು ಹಾರ್ಮೋನನ್ನು ಕಂಡುಹಿಡಿದರು. ಅದರ ಹೆಸರು ಗ್ರೆಲಿನ್. ಊಟಕ್ಕೆ ಮುಂಚೆ ರಕ್ತದಲ್ಲಿ ಅದು ಏರುತ್ತದೆ, ಊಟವಾದ ಮೇಲೆ ಇಳಿಯುತ್ತದೆ. ನಗದು ಕಡಿಮೆಯಾಗಿದೆ, ತುಂಬಿಸಿ ಎಂದು ಕೂಗುವ ಕ್ಯಾಷಿಯರ್ ಇದ್ದ ಹಾಗೆ.

ಇದಕ್ಕೆ ರೂಢಿಯೂ ಗೊತ್ತು. ದಿನಾ ಒಂದೂವರೆಗೆ ಊಟ ಮಾಡುವವರಿಗೆ ಆ ಹೊತ್ತಿಗೇ ಗ್ರೆಲಿನ್ ಏರುತ್ತದೆ. ಊಟ ಮಾಡದಿದ್ದರೆ ಸಂಜೆಯವರೆಗೂ ಏರುತ್ತಲೇ ಇರುತ್ತದೆಯೇ? ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಇಳಿಯುತ್ತದೆ. ರೋಜಾ ಇಟ್ಟವರಿಗೆಲ್ಲ ಇದು ಅನುಭವದಿಂದ ಗೊತ್ತಿರುವ ಸಂಗತಿ. ರಮ್ಜಾನಿನ ಮೊದಲ ದಿನಗಳಲ್ಲಿ ಜೊಹರ್ ಹೊತ್ತಿಗೆ ತಡೆಯಲಾರದಂಥ ಹಸಿವು, ಅಸರ್ ಹೊತ್ತಿಗೆ ಅದು ಕಾಣೆ. ನಮ್ಮ ದಾದಿ ಇದಕ್ಕೆ 'ಭೂಕ್ ಮರ್ ಗಯಿ' ಅನ್ನುತ್ತಾರೆ. ಕನ್ನಡದಲ್ಲೂ 'ಹಸಿವೆಯೇ ಸತ್ತುಹೋಯಿತು' ಎಂದೇ ಹೇಳುತ್ತೇವೆ. ಎರಡು ಭಾಷೆಯ ಅಜ್ಜಿಯರೂ ಗಮನಿಸಿದ್ದು ಒಂದೇ.

ಇನ್ನು 'ಸಾಕು' ಎಂಬ ಸುದ್ದಿ. ಊಟ ಕೆಳಗಿಳಿದು ಜಠರ ಹಿಗ್ಗಿದಾಗ ವೇಗಸ್ ಎಂಬ ನರದ ಮೂಲಕ ಮಿದುಳಿಗೆ ಸಂದೇಶ ಹೋಗುತ್ತದೆ. ಆಹಾರ ಕರುಳಿಗೆ ಬಂದಾಗ ಸಿಸಿಕೆ, ಪಿವೈವೈ, ಜಿಎಲ್‌ಪಿ-1 ಎಂಬ ಹಾರ್ಮೋನುಗಳು ಹೊರಡುತ್ತವೆ. ಈ ರಸೀದಿಗಳು ಮುಖ್ಯ ಕಚೇರಿ ತಲುಪಲು ಸ್ವಲ್ಪ ಸಮಯ ಬೇಕು. ಹತ್ತು ನಿಮಿಷದ ಬ್ರೇಕಿನಲ್ಲಿ ಮಿರ್ಚಿ ಮಂಡಕ್ಕಿಯನ್ನು ಗಬಗಬನೆ ತಿಂದರೆ, 'ಸಾಕು' ಎಂಬ ಸುದ್ದಿ ಬರುವುದರೊಳಗೆ ಎರಡನೇ ಪ್ಲೇಟೂ ಖಾಲಿಯಾಗಿರುತ್ತದೆ. ಇತ್ತೀಚೆಗೆ ಸುದ್ದಿಯಲ್ಲಿರುವ ತೂಕ ಇಳಿಸುವ ಇಂಜೆಕ್ಷನ್‌ಗಳಲ್ಲಿ ಹಲವು ಈ ಜಿಎಲ್‌ಪಿ-1 ಅನ್ನೇ ಅನುಕರಿಸುತ್ತವೆ.

ಠೇವಣಿಯ ಲೆಕ್ಕ

ದಿನದ ನಗದು ಒಂದು ಕಡೆಯಾದರೆ, ಫಿಕ್ಸೆಡ್ ಡೆಪಾಸಿಟ್ ಇನ್ನೊಂದು ಕಡೆ. ನಮ್ಮ ದೇಹದ ಠೇವಣಿ ಎಂದರೆ ಕೊಬ್ಬು. ಅದು ಎಷ್ಟಿದೆ ಎಂದು ಮಿದುಳಿಗೆ ತಿಳಿಸುವ ಹಾರ್ಮೋನು ಲೆಪ್ಟಿನ್.

ಇದರ ಕಥೆ ಇಲಿಗಳಿಂದ ಶುರುವಾಗುತ್ತದೆ. 1949ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ವಿಪರೀತ ತಿಂದು ವಿಪರೀತ ದಪ್ಪಗಾಗುವ ಇಲಿಗಳ ತಳಿ ಕಾಣಿಸಿಕೊಂಡಿತು. ಮುಂದೆ ಅಲ್ಲಿಯೇ ಡಗ್ಲಸ್ ಕೋಲ್ಮನ್ ಅವರು ಅಂಥ ಒಂದು ಇಲಿಯ ರಕ್ತಸಂಚಾರವನ್ನು ಸಾಮಾನ್ಯ ಇಲಿಯೊಂದಿಗೆ ಜೋಡಿಸಿ ನೋಡಿದರು. ದಪ್ಪ ಇಲಿ ಕಡಿಮೆ ತಿನ್ನತೊಡಗಿತು. ಸಾಮಾನ್ಯ ಇಲಿಯ ರಕ್ತದಲ್ಲಿರುವ ಏನೋ ಒಂದು ಇದರಲ್ಲಿಲ್ಲ ಎಂದು ಅವರು ತರ್ಕಿಸಿದರು. ಆ 'ಏನೋ ಒಂದು' 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡಕ್ಕೆ ಸಿಕ್ಕಿತು. ಗ್ರೀಕ್ ಭಾಷೆಯಲ್ಲಿ 'ತೆಳ್ಳಗೆ' ಎಂಬ ಅರ್ಥದ ಪದದಿಂದ ಅದಕ್ಕೆ ಲೆಪ್ಟಿನ್ ಎಂದು ಹೆಸರಿಟ್ಟರು.

ಮುಂದಿನ ಭಾಗ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸ್ಟೀಫನ್ ಒರಾಹಿಲಿ, ಸದಾಫ್ ಫಾರೂಖಿ ಮೊದಲಾದವರ ತಂಡ ಇಬ್ಬರು ಮಕ್ಕಳ ಬಗ್ಗೆ ವರದಿ ಮಾಡಿತು. ಅವರು ಪಾಕಿಸ್ತಾನಿ ಮೂಲದ ಒಂದೇ ಕುಟುಂಬದ ದಾಯಾದಿಗಳು. ಹುಡುಗಿಗೆ 8 ವರ್ಷ, ತೂಕ 86 ಕೆಜಿ. ಹುಡುಗನಿಗೆ 2 ವರ್ಷ, ತೂಕ 29 ಕೆಜಿ. ಎಷ್ಟು ತಿಂದರೂ ಅವರ ಹಸಿವು ತೀರುತ್ತಿರಲಿಲ್ಲ. ಪರೀಕ್ಷೆ ಮಾಡಿದರೆ ಆ ಇಲಿಗಳಂತೆಯೇ ಇವರ ದೇಹದಲ್ಲೂ ಲೆಪ್ಟಿನ್ ತಯಾರಾಗುತ್ತಿರಲಿಲ್ಲ. ಡೆಪಾಸಿಟ್ ತುಂಬಿ ತುಳುಕುತ್ತಿದ್ದರೂ ಮಿದುಳಿಗೆ ಬರುತ್ತಿದ್ದ ಸ್ಟೇಟ್‌ಮೆಂಟ್ ಸೊನ್ನೆ. ಮುಂದೆ ಆ ಹುಡುಗಿಗೆ ದಿನಾ ಲೆಪ್ಟಿನ್ ಇಂಜೆಕ್ಷನ್ ಕೊಟ್ಟಾಗ ಹಸಿವು ಬೇಗನೆ ತಗ್ಗಿತು. ಒಂದು ವರ್ಷದಲ್ಲಿ ಸುಮಾರು 16 ಕೆಜಿ ಇಳಿಯಿತು.

ನನಗೆ ಆಗ ನೆನಪಾದದ್ದು ನನ್ನ ತಮ್ಮ. ಅವನು ಆರನೇ ತರಗತಿಯಲ್ಲಿದ್ದಾನೆ, ಸ್ವಲ್ಪ ದಪ್ಪ. ಮದುವೆ, ದಾವತ್ ಎಂದು ಎಲ್ಲಿಗೆ ಹೋದರೂ ನೆಂಟರು 'ಮೋಟು' ಎಂದು ಕರೆದು ನಗುತ್ತಾರೆ. ಈಗೀಗ ಅವನು ಹೊರಗೆ ಎಲ್ಲೂ ಊಟ ಮಾಡುವುದಿಲ್ಲ, ಮನೆಗೆ ಬಂದು ಅಡುಗೆಮನೆಯಲ್ಲಿ ಒಬ್ಬನೇ ನಿಂತು ತಿನ್ನುತ್ತಾನೆ. ಅವನಿಗೆ ಆ ಮಕ್ಕಳ ಕಾಯಿಲೆ ಇದೆ ಎಂದು ನಾನು ಹೇಳುತ್ತಿಲ್ಲ. ಅದು ತೀರಾ ಅಪರೂಪದ್ದು. ದಪ್ಪಗಿರುವ ಹೆಚ್ಚಿನವರಲ್ಲಿ ಲೆಪ್ಟಿನ್ ಬೇಕಾದಷ್ಟು ಇರುತ್ತದೆ, ಆದರೆ ಮಿದುಳು ಅದರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಜೊತೆಗೆ ನಾವು ತಿನ್ನುವ ಎಣ್ಣೆ ಪದಾರ್ಥ, ಸಿಹಿ, ಆಟವಿಲ್ಲದ ದಿನಚರಿ ಇವೂ ಸೇರುತ್ತವೆ. ನಾನು ಹೇಳುವುದು ಇಷ್ಟೇ: ಹಸಿವು ಬರೀ ಮನಸ್ಸಿನ ಹತೋಟಿಯ ಮಾತಲ್ಲ. ನಕ್ಕು ಅವಮಾನ ಮಾಡಿದರೆ ಹಾರ್ಮೋನು ಬದಲಾಗುವುದಿಲ್ಲ, ಮಗು ಮಾತ್ರ ಕುಗ್ಗುತ್ತದೆ.

ಪಟ್ಟು ಹಿಡಿದು ಊಟ ಬಿಡುವ ಗೆಳತಿಯರೂ ಇದನ್ನು ತಿಳಿಯಬೇಕು. ಒಮ್ಮೆಲೇ ತಿನ್ನುವುದನ್ನು ತೀರಾ ಕಡಿಮೆ ಮಾಡಿದರೆ ಲೆಪ್ಟಿನ್ ಇಳಿಯುತ್ತದೆ, ಗ್ರೆಲಿನ್ ಏರುತ್ತದೆ. ಠೇವಣಿ ಕರಗುತ್ತಿದೆ, ಅಪಾಯ ಎಂದು ಮಿದುಳು ಭಾವಿಸಿ ಹಸಿವನ್ನು ಹೆಚ್ಚಿಸುತ್ತದೆ. ಇಳಿದ ತೂಕ ಮತ್ತೆ ಏರಲು ಇದೊಂದು ದೊಡ್ಡ ಕಾರಣ.

ನಿದ್ದೆಯ ಖಾತೆ

ಪರೀಕ್ಷೆ ಹತ್ತಿರ ಬಂದಾಗ ರಾತ್ರಿಯೆಲ್ಲ ಓದುವ ನಮಗೆ ಇದು ಮುಖ್ಯ. 2004ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 12 ಆರೋಗ್ಯವಂತ ಯುವಕರನ್ನು ಎರಡು ರಾತ್ರಿ 4 ಗಂಟೆ ಮಾತ್ರ ಮಲಗಿಸಿದರು, ಇನ್ನೊಂದು ಸಲ ಎರಡು ರಾತ್ರಿ 10 ಗಂಟೆ ಮಲಗಿಸಿದರು. ನಿದ್ದೆ ಕಡಿಮೆಯಾದಾಗ ಲೆಪ್ಟಿನ್ 18% ಇಳಿದಿತ್ತು, ಗ್ರೆಲಿನ್ 28% ಏರಿತ್ತು. ಅವರಿಗೆ ಸಿಹಿ ಮತ್ತು ಉಪ್ಪಿನ ತಿಂಡಿಗಳ ಆಸೆಯೂ ಹೆಚ್ಚಿತ್ತು. ರಾತ್ರಿ ಒಂದು ಗಂಟೆಗೆ ಬಿಸ್ಕತ್ತಿನ ಡಬ್ಬಿ ಹುಡುಕುವುದು ಏಕೆ ಎಂದು ಈಗ ಗೊತ್ತಾಯಿತಲ್ಲ?

ನಾವು ಮಾಡಬಹುದಾದದ್ದು

ಬೆಳಗಿನ ತಿಂಡಿ ಬಿಟ್ಟು ತರಗತಿಗೆ ಬರಬೇಡಿ. ಊಟ ನಿಧಾನವಾಗಿ ಮಾಡಿ, 'ಸಾಕು' ಎಂಬ ಸುದ್ದಿ ಬರಲು ಸಮಯ ಕೊಡಿ. ಬೇಳೆ, ಕಾಳು, ಮೊಟ್ಟೆ, ತರಕಾರಿ ತಟ್ಟೆಯಲ್ಲಿರಲಿ, ಅವು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತವೆ. ನಿದ್ದೆಯನ್ನು ಸಾಲ ಮಾಡಬೇಡಿ. ವಿಪರೀತ ಹಸಿವು, ಬಾಯಾರಿಕೆ ಇದ್ದೂ ತೂಕ ಇಳಿಯುತ್ತಿದ್ದರೆ ಅದು ಸಕ್ಕರೆ ಕಾಯಿಲೆಯ ಲಕ್ಷಣವಿರಬಹುದು. ಹಸಿವೇ ಇಲ್ಲದೆ ಸೊರಗುತ್ತಿದ್ದರೂ ಕಾರಣ ಹುಡುಕಬೇಕು. ಎರಡಕ್ಕೂ ಡಾಕ್ಟರನ್ನು ನೋಡಿ, ಮೊಬೈಲನ್ನಲ್ಲ.

ಕೊನೆಯದಾಗಿ ಒಂದು ವಿನಂತಿ. ಇನ್ನೊಬ್ಬರ ತಟ್ಟೆಯನ್ನು ನೋಡಿ ಟೀಕೆ ಮಾಡುವ ಮುಂಚೆ, ಅವರ ಒಳಗಿನ ಲೆಕ್ಕದ ಪುಸ್ತಕ ನಮಗೆ ಕಾಣುವುದಿಲ್ಲ ಎಂಬುದನ್ನು ನೆನಪಿಡಿ. ಪುಸ್ತಕ ನೋಡದೆ ಆಡಿಟ್ ಮಾಡಬಾರದು ಎಂದು ನಮ್ಮ ವಿಭಾಗದಲ್ಲಿ ಮೊದಲೇ ಕಲಿಸುತ್ತಾರೆ.