ಅಫ್ಘಾನಿ ಹೋಟೆಲಿನ ಬೆಂಚಿನ ಮೇಲೆ

ವಲಸಿಗರ ಶಿಬಿರದ ಬಗ್ಗೆ ನಾಟಕ ಮಾಡಲು ಹೊರಟವರಿಗೆ ಮೊದಲು ಕಾಣುವುದು ಕಣ್ಣೀರು. ನಾನು ನೋಡಿದ ಇಂಥ ನಾಟಕಗಳಲ್ಲಿ ಹೆಚ್ಚಿನವು ಅಳುವಿನಲ್ಲೇ ಶುರುವಾಗಿ ಅಳುವಿನಲ್ಲೇ ಮುಗಿದಿವೆ. 2018ರಲ್ಲಿ ತಂಗಿಯ ಮನೆಗೆಂದು ಲಂಡನ್ನಿಗೆ ಹೋದಾಗ ಪ್ಲೇಹೌಸ್ ಥಿಯೇಟರಿನಲ್ಲಿ ನೋಡಿದ ‘ದಿ ಜಂಗಲ್’ ನನಗೆ ಬೇರೆ ದಾರಿ ತೋರಿಸಿತು. ಅದರಲ್ಲಿ ಜನ ಒಂದು ಊರು ಕಟ್ಟುತ್ತಾರೆ. ಕಟ್ಟಿದ್ದನ್ನು ಕಣ್ಣಾರೆ ನೋಡಿದ ಮೇಲೆ, ಒಡೆಯುವ ಹೊತ್ತಿಗೆ ಎದೆ ತಾನಾಗಿಯೇ ಹಿಂಡುತ್ತದೆ.

ಆ ಊರು ಇದ್ದದ್ದು ಫ್ರಾನ್ಸಿನ ಕ್ಯಾಲೇ ಬಂದರಿನ ಪಕ್ಕ, ಹಿಂದೆ ಕಸ ಸುರಿಯುತ್ತಿದ್ದ ಜಾಗದಲ್ಲಿ. 2015ರಲ್ಲಿ ಅಫ್ಘಾನಿಸ್ತಾನ, ಸುಡಾನ್, ಎರಿಟ್ರಿಯಾ, ಸಿರಿಯಾ, ಇರಾನ್‌ಗಳಿಂದ ಬಂದವರು ಅಲ್ಲಿ ಡೇರೆ ಹಾಕಿದರು. ಆಚೆ ದಡದ ಇಂಗ್ಲೆಂಡಿಗೂ ಅಲ್ಲಿಗೂ ನಡುವೆ ಇರುವ ಕಡಲು ಸುಮಾರು 33 ಕಿಲೋಮೀಟರ್ ಅಗಲ. ರಾತ್ರಿಯಾದರೆ ಲಾರಿಗಳೊಳಗೆ ನುಸುಳಿ ದಾಟುವ ಪ್ರಯತ್ನ, ಬೆಳಗಾದರೆ ಅಡುಗೆ, ಸ್ನಾನ, ಪಾಠ, ಪ್ರಾರ್ಥನೆ. ಜೋ ಮರ್ಫಿ ಮತ್ತು ಜೋ ರಾಬರ್ಟ್‌ಸನ್ ಎಂಬ ಇಬ್ಬರು ತರುಣ ನಾಟಕಕಾರರು ಅದೇ ವರ್ಷ ಅಲ್ಲಿಗೆ ಹೋಗಿ, ಗುಮ್ಮಟದಂಥ ಡೇರೆ ನಿಲ್ಲಿಸಿ, ‘ಗುಡ್ ಚಾನ್ಸ್’ ಎಂಬ ರಂಗಮಂದಿರ ನಡೆಸಿದರು. ತಿಂಗಳುಗಟ್ಟಲೆ ಅಲ್ಲಿನವರ ಜೊತೆಗಿದ್ದು ಆಮೇಲೆ ಬರೆದ ನಾಟಕವಿದು. ತಾರಾಗಣದಲ್ಲಿ ಕೆಲವರು ಸ್ವತಃ ಆ ಶಿಬಿರದಲ್ಲಿ ಬದುಕಿ ಬಂದವರು.

ಒಳಗೆ ಹೋದರೆ ರಂಗಮಂದಿರವೇ ಇಲ್ಲ! ಕೆಂಪು ಮೆತ್ತೆಯ ಕುರ್ಚಿಗಳ ಸಾಲನ್ನೆಲ್ಲ ಕಿತ್ತು, ಆ ಜಾಗದಲ್ಲಿ ಸಲಾರ್ ಎಂಬ ಅಫ್ಘಾನಿಯ ಹೋಟೆಲು ಕಟ್ಟಿದ್ದರು. ವಿನ್ಯಾಸ ಮಿರಿಯಂ ಬ್ಯೂಥರ್ ಅವರದು. ನೆಲದಲ್ಲಿ ಮಣ್ಣು, ತಲೆಯ ಮೇಲೆ ಬಟ್ಟೆಯ ಚಪ್ಪರ, ನಾವು ಕೂರಲು ಬೆಂಚುಗಳು. ಎದುರಿನ ಉದ್ದನೆಯ ಮೇಜೇ ರಂಗ. ನಟರು ಅದರ ಮೇಲೆ ಓಡುತ್ತಿದ್ದರು, ಜಗಳಾಡುತ್ತಿದ್ದರು. ಅವರ ಕಾಲಿನ ಧೂಳು ನನ್ನ ಮಡಿಲಿಗೆ ಬಿತ್ತು. ಮಹಡಿಯ ಆಸನಗಳಿಗೆ ಅವರಿಟ್ಟ ಹೆಸರು ‘ಡೋವರಿನ ಬಂಡೆಗಳು’. ಅಲ್ಲಿ ಕೂತವರು ಇಂಗ್ಲೆಂಡಿನ ದಡದಿಂದ ಕೆಳಗಿನ ಬದುಕನ್ನು ನೋಡಬೇಕು, ಅದೂ ಸುದ್ದಿವಾಹಿನಿಯಂತೆ ಪರದೆಗಳ ಮೇಲೆ. ಯಾರು ಎಲ್ಲಿ ಕೂರುತ್ತಾರೆ ಎಂಬುದೇ ನಾಟಕದ ಅರ್ಧ ಮಾತನ್ನು ಹೇಳಿಬಿಟ್ಟಿತ್ತು. ವರ್ಷಗಟ್ಟಲೆ ರಂಗಸಜ್ಜಿಕೆಯ ಕೆಲಸ ಮಾಡಿದವಳು ನಾನು. ಸಜ್ಜಿಕೆಗೆ ಇಷ್ಟು ಬಲವಿದೆಯೆಂದು ಅಂದು ಮೈಯೆಲ್ಲ ಅರಿಯಿತು.

ಇಲ್ಲಿನ ನಿರಾಶ್ರಿತರು ಬರೀ ಒಳ್ಳೆಯವರಲ್ಲ, ಅದೂ ನನಗೆ ಹಿಡಿಸಿತು. ಅಫ್ಘಾನರಿಗೂ ಸುಡಾನಿನವರಿಗೂ ಕೈಕೈ ಮಿಲಾಯಿಸುವ ಜಗಳ ನಡೆಯುತ್ತದೆ. ಕಥೆ ಹೇಳುವ ಸಫಿ, ಅಲೆಪ್ಪೊದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವನು, ಎಲ್ಲರ ನಡುವೆ ದುಭಾಷಿಯಾಗಿ ಓಡಾಡುತ್ತಾನೆ. ಸಹಾಯಕ್ಕೆ ಬಂದ ಇಂಗ್ಲಿಷರು ತಮ್ಮತಮ್ಮಲ್ಲೇ ವಾದಕ್ಕೆ ಬೀಳುತ್ತಾರೆ. ಮನೆ ಎಲ್ಲಿ ಕಟ್ಟಬೇಕು, ಸಭೆಯಲ್ಲಿ ಯಾರು ಮಾತಾಡಬೇಕು ಎಂದು ಗಂಟೆಗಟ್ಟಲೆ ಚರ್ಚೆ. ಡಾರ್ಫರಿನ ಹುಡುಗ ಒಕೋಟ್ ತಾನು ದಾಟಿ ಬಂದ ಮರುಭೂಮಿಯ, ಲಿಬಿಯಾದ ಕಥೆ ಹೇಳುವಾಗ ನಾವು ಅವನನ್ನು ಆಗಲೇ ಬಲ್ಲೆವು. ಅವನ ಹಠ, ಅವನ ನಗು ಕಂಡಿದ್ದೆವು. ಅದಕ್ಕೇ ಆ ಕಥೆ ತಡೆದುಕೊಳ್ಳಲಾಗಲಿಲ್ಲ. ಮೊದಲೇ ಹೇಳಿಸಿದ್ದರೆ ಯಾರದೋ ಗೋಳಾಗಿ ಹೋಗುತ್ತಿತ್ತು.

ನಿಜವಾದ ಶಿಬಿರದಲ್ಲೂ ಹೋಟೆಲು, ಶಾಲೆ, ಗುಡಿಗಳ ಮಹತ್ವ ನ್ಯಾಯಾಲಯದವರೆಗೆ ಹೋಗಿತ್ತು. 2016ರ ಫೆಬ್ರವರಿಯಲ್ಲಿ ಶಿಬಿರದ ದಕ್ಷಿಣ ಭಾಗ ತೆರವಿಗೆ ಒಪ್ಪಿದ ಲೀಲ್ ನಗರದ ನ್ಯಾಯಾಲಯ, ಪ್ರಾರ್ಥನಾ ಸ್ಥಳ, ಶಾಲೆಯಂಥ ಸಾಮೂಹಿಕ ಜಾಗಗಳನ್ನು ಮುಟ್ಟಬೇಡಿ ಎಂದಿತು. ಸುತ್ತಲಿನ ಮನೆಗಳು ಹೋದವು, ಬಯಲಿನಲ್ಲಿ ಚರ್ಚು ಒಂಟಿಯಾಗಿ ನಿಂತಿತು. ಆಗಸ್ಟಿನಲ್ಲಿ ಅಂಗಡಿ, ಹೋಟೆಲುಗಳನ್ನು ಮುಚ್ಚಿಸುವ ಸರ್ಕಾರದ ಮನವಿಯನ್ನೂ ಅದೇ ನ್ಯಾಯಾಲಯ ತಳ್ಳಿಹಾಕಿತು. ಅವು ಜನ ಕೂಡುವ ತಾಣಗಳೂ ಹೌದು ಎಂದು ಮನಗಂಡಿತ್ತು. ಅಕ್ಟೋಬರ್ 24ರಂದು ಕೊನೆಯ ತೆರವು ಶುರುವಾಗಿ ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು.

ಬೆಂಗಳೂರಿನ ಹೊರವಲಯದಲ್ಲಿ ಗಾರೆ ಕೆಲಸದವರ ಶೆಡ್ಡುಗಳ ಬಗ್ಗೆ ಈಗ ನಾವೊಂದು ನಾಟಕ ಕಟ್ಟುತ್ತಿದ್ದೇವೆ. ಇವರು ಗಡಿ ದಾಟಿ ಬಂದವರಲ್ಲ. ಯಾದಗಿರಿ, ರಾಯಚೂರು, ಬಂಗಾಳ, ಒಡಿಶಾದವರು. ಕ್ಯಾಲೇಗೂ ಇದಕ್ಕೂ ಸಮ ಎಂದು ನಾನು ಹೇಳುವುದಿಲ್ಲ. ಆದರೆ ಕೇಳುವ ಪ್ರಶ್ನೆಗಳನ್ನು ಆ ನಾಟಕದಿಂದ ಕಲಿತೆ. ಯಾದಗಿರಿ ಕಡೆಯ ಹೆಂಗಸೊಬ್ಬರು ಒಂದು ಸಂಜೆ ಕೊಡ ತೊಳೆಯುತ್ತಾ, “ಅಕ್ಕಾರ, ಎಲ್ಲಾರೂ ಬಂದು ಕಷ್ಟಾನ ಕೇಳ್ತಾರ್ರೀ. ಟ್ಯಾಂಕರ್ ಬಂದಾಗ ಪಾಳಿ ಹೆಂಗ್ ಹಚ್ಚೀವಿ ಅಂತ ಒಬ್ರೂ ಕೇಳಂಗಿಲ್ಲ” ಎಂದರು. ಕೇಳಿದೆ. ಕೊಡಗಳಿಗೆ ಬಣ್ಣದ ಗುರುತು, ಬಾಣಂತಿಯ ಮನೆಗೆ ಮೊದಲ ಸರದಿ, ತಡವಾಗಿ ಬರುವ ಬಂಗಾಳಿಗಳ ಕೊಡವನ್ನು ಪಕ್ಕದ ಶೆಡ್ಡಿನವರೇ ಸಾಲಿಗಿಡುವ ಕಟ್ಟುಪಾಡು. ಇದನ್ನೆಲ್ಲ ಬರೆದಿಟ್ಟ ಕಾನೂನಿಲ್ಲ, ಮೇಸ್ತ್ರಿ ಹೇಳಿಕೊಟ್ಟದ್ದೂ ಅಲ್ಲ.

ನಮ್ಮ ನಾಟಕದ ಮೊದಲ ದೃಶ್ಯ ಆ ನೀರಿನ ಪಾಳಿ. ಪ್ರೇಕ್ಷಕರಿಗೂ ಒಂದೊಂದು ಕೊಡ ಕೊಟ್ಟು ಸಾಲಿನಲ್ಲಿ ನಿಲ್ಲಿಸುತ್ತೇವೆ. ಭಾನುವಾರದ ಸಂತೆ ಮುಗಿಸಿ ಬಂದ ಶೆಡ್ಡಿನವರು ತಾಲೀಮು ನೋಡುತ್ತಾರೆ, ಸಾಲು ತಪ್ಪಿದರೆ ಎದ್ದು ಬಂದು ತಿದ್ದುತ್ತಾರೆ. ಕಳೆದ ವಾರ ಬಾಣಂತಿಯ ಕೊಡವನ್ನು ನಮ್ಮ ನಟ ಮರೆತಿದ್ದಕ್ಕೆ ಹುಡುಗಿಯೊಬ್ಬಳು ದೃಶ್ಯವನ್ನೇ ನಿಲ್ಲಿಸಿಬಿಟ್ಟಳು. ಅವಳ ಮಾತನ್ನು ಹಾಗೆಯೇ ಪ್ರತಿಗೆ ಸೇರಿಸಿದ್ದೇವೆ.