ಸೆಲ್ಫ್ ಬಿಚ್ಚುವ ಮೊದಲು

ಹಲಸೂರು, ಫ್ರೇಜರ್ ಟೌನ್, ಇಂದಿರಾನಗರದ ಹಳೇ ಮನೆಗಳ ಪೋರ್ಟಿಕೊಗಳಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೋರಿಸ್ ಮೈನರ್‌ಗಳು ಇನ್ನೂ ಉಳಿದಿವೆ. ಅವುಗಳ ಮಾಲೀಕರದು ಸಾಮಾನ್ಯವಾಗಿ ಒಂದೇ ದೂರು: ‘ಸೆಲ್ಫ್ ಹೊಡೀತಿಲ್ಲ.’ ಕೆಲವರು ಅಷ್ಟರಲ್ಲಾಗಲೇ ಸೆಲ್ಫ್ (ಸ್ಟಾರ್ಟರ್ ಮೋಟರ್) ಬಿಚ್ಚಿಸಿ ಶಿವಾಜಿನಗರದ ಗುಜರಿಗೆ ಹೊರಟಿರುತ್ತಾರೆ. ಬಹಳಷ್ಟು ಸಲ ಸೆಲ್ಫ್ ಚೆನ್ನಾಗಿಯೇ ಇರುತ್ತದೆ. ಕರೆಂಟ್ ಅಲ್ಲಿಯವರೆಗೆ ತಲುಪಿರುವುದಿಲ್ಲ.

1. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ಪೂರ್ತಿ ಕುಗ್ಗಿದರೆ ಬ್ಯಾಟರಿ ಸೋತಿದೆ, ಟರ್ಮಿನಲ್ ಸಡಿಲವಾಗಿದೆ, ಇಲ್ಲವೇ ಸೆಲ್ಫ್ ಅಥವಾ ಎಂಜಿನ್ ಕಚ್ಚಿಕೊಂಡಿದೆ. ಬೆಳಕು ಕುಗ್ಗದೆ ಸದ್ದೂ ಇಲ್ಲದಿದ್ದರೆ ಕೀ ಸ್ವಿಚ್ಚಿನಿಂದ, ಸೆಲ್ಫಿಗೆ ಕರೆಂಟ್ ಬಿಡುವ ಸೊಲೆನಾಯ್ಡ್‌ವರೆಗಿನ ವೈರ್ ನೋಡಿ. ‘ಟಕ್’ ಎಂದು ಸುಮ್ಮನಾದರೆ ಸೊಲೆನಾಯ್ಡ್ ಕಾಂಟ್ಯಾಕ್ಟ್ ಅಥವಾ ಸೆಲ್ಫಿನ ಕಾರ್ಬನ್ ಬ್ರಷ್ ನೋಡಿ.

2. ಲೈಟ್ ಉರಿಯಿತೆಂದು ಬ್ಯಾಟರಿಯನ್ನು ನಂಬಬೇಡಿ. 60 ವ್ಯಾಟ್ ಬಲ್ಬಿಗೆ 5 ಆಂಪಿಯರ್ ಸಾಕು. ಸೆಲ್ಫ್ ನೂರಕ್ಕೂ ಹೆಚ್ಚು ಎಳೆಯುತ್ತದೆ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಮೊದಲು ಚಾರ್ಜ್ ಮಾಡಿ. ಪೂರ್ತಿ ಚಾರ್ಜ್ ಆದಮೇಲೂ ಕೀ ತಿರುಗಿಸಿದಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೆ ಅನುಮಾನಪಡಿ.

3. ಹೊಸ ಪೇಂಟ್ ಆದ ಗಾಡಿಯಲ್ಲಿ ಮೊದಲು ಅರ್ತ್ ನೋಡಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಬಾಡಿಗೂ ಎಂಜಿನ್ನಿಗೂ ನಡುವೆ ಕರೆಂಟ್ ದಾಟಿಸುವುದು ಒಂದು ಹೆಣೆದ ತಾಮ್ರದ ಪಟ್ಟಿ. ಅದರ ಬೋಲ್ಟಿನಡಿ ಪೇಂಟ್ ಕೂತರೆ ಸಾವಿರಗಟ್ಟಲೆ ಖರ್ಚಿನ ರಿಸ್ಟೋರೇಷನ್ ನಿಂತಲ್ಲೇ ನಿಲ್ಲುತ್ತದೆ. ಸೆಲ್ಫ್ ಹೊಡೆಯುವಾಗ ಸೆಲ್ಫಿನ ಬಾಡಿಗೂ ಬ್ಯಾಟರಿಯ ಅರ್ತ್ ಟರ್ಮಿನಲ್ಲಿಗೂ ನಡುವೆ 0.2 ವೋಲ್ಟಿಗಿಂತ ಹೆಚ್ಚು ಬಂದರೆ ದೋಷ ಅಲ್ಲಿದೆ. ಮರಳುಕಾಗದದಿಂದ ಲೋಹ ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ.

4. ಬೂಸ್ಟರ್ ಕೇಬಲ್ ಹಾಕುವ ಮೊದಲು ಯಾವ ಟರ್ಮಿನಲ್ ಬಾಡಿಗೆ ಹೋಗಿದೆ ನೋಡಿ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಅನೇಕವು ಪಾಸಿಟಿವ್ ಅರ್ತ್. ಯುದ್ಧಕಾಲದ ವಿಲ್ಲೀಸ್ ಜೀಪಾದರೆ 6 ವೋಲ್ಟ್. ಅದಕ್ಕೆ 12 ಕೊಡುವುದು ಅಪಾಯ.

5. ಕೆಲವು ಲೂಕಾಸ್ ಸೊಲೆನಾಯ್ಡ್‌ಗಳಿಗೆ ರಬ್ಬರ್ ಮುಚ್ಚಿದ ಗುಂಡಿ ಇರುತ್ತದೆ. ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಅದನ್ನು ಒತ್ತಿ. ಎಂಜಿನ್ ತಿರುಗಿದರೆ ಸೆಲ್ಫ್ ನಿರಪರಾಧಿ. ದೋಷ ಕೀ ಕಡೆಯದು.

6. ಸೆಲ್ಫ್ ಗಿರ್ರನೆ ಸುತ್ತಿ ಎಂಜಿನ್ ಅಲುಗದಿದ್ದರೆ ಪಿನಿಯನ್ನನ್ನು ಫ್ಲೈವೀಲಿಗೆ ಸೇರಿಸುವ ಬೆಂಡಿಕ್ಸ್ ಸಾಮಾನ್ಯವಾಗಿ ಕೊಳೆಯಾಗಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ; ಎಣ್ಣೆ ಹಚ್ಚಿದರೆ ಕ್ಲಚ್ ಧೂಳು ಅಂಟಿ ಮತ್ತೆ ಅದೇ ಗತಿ. ಪಿನಿಯನ್ ಕಚ್ಚಿಕೊಂಡಿದ್ದರೆ ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರಿನಲ್ಲಿಟ್ಟು ಗಾಡಿಯನ್ನು ಹಿಂದೆ ಮುಂದೆ ಜಗ್ಗಿ.

7. ಒಮ್ಮೆ ಹೊಡೆದು ಒಮ್ಮೆ ಹೊಡೆಯದಿದ್ದರೆ ಫ್ಲೈವೀಲಿನ ರಿಂಗ್ ನೋಡಿ. ನಾಲ್ಕು ಸಿಲಿಂಡರ್ ಎಂಜಿನ್ ಹೆಚ್ಚಾಗಿ ಎರಡೇ ಜಾಗಗಳಲ್ಲಿ ನಿಲ್ಲುತ್ತದೆ. ಅಲ್ಲಿಯ ಹಲ್ಲುಗಳೇ ಮೊದಲು ಸವೆಯುತ್ತವೆ.

8. ವರ್ಷಗಟ್ಟಲೆ ನಿಂತ, ಅಥವಾ ಮಳೆನೀರಲ್ಲಿ ಮುಳುಗಿದ ಗಾಡಿಗೆ ಕೀ ತಿರುಗಿಸಲೇಬೇಡಿ, ತಳ್ಳಲೂಬೇಡಿ. ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಮಾಡಿ, ಹ್ಯಾಂಡಲಿನಿಂದ ಮೆಲ್ಲಗೆ ತಿರುಗಿಸಿ. ಸಿಲಿಂಡರಿನಲ್ಲಿ ನೀರಿದ್ದಾಗ ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಯಾವಾಗ ಹ್ಯಾಂಡಲ್ ಹಿಡಿದರೂ ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಲಿ. ಎಂಜಿನ್ ಒದ್ದರೆ ಮುರಿಯುವುದು ಅದೇ.

9. ಚಾರ್ಜ್ ಮಾಡಿದ ಬ್ಯಾಟರಿ ವಾರದಲ್ಲೇ ಮಲಗಿದರೆ ನಿಮ್ಮ ದಾರಿಯನ್ನೂ ವಿಚಾರಿಸಿ. ಆಲ್ಟರ್ನೇಟರ್ ಬರುವ ಮುಂಚಿನ ಗಾಡಿಗಳ ಡೈನಮೋ ಐಡ್ಲಿಂಗ್‌ನಲ್ಲಿ ಚಾರ್ಜ್ ಕೊಡುವುದಿಲ್ಲ. ಸಂಜೆ ಲೈಟ್ ಹಾಕಿಕೊಂಡು ಟಿನ್ ಫ್ಯಾಕ್ಟರಿ ಜಾಮಿನಲ್ಲಿ ನಿಂತು ಕೆ.ಆರ್. ಪುರ ತಲುಪುವಷ್ಟರಲ್ಲಿ ಬ್ಯಾಟರಿ ಕೊಟ್ಟದ್ದೇ ಹೆಚ್ಚು, ಪಡೆದದ್ದು ಕಡಿಮೆ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಒಂದಿಷ್ಟು ದೂರ ಓಡಿಸಿ.

10. ಇಷ್ಟೆಲ್ಲ ನೋಡಿಯೂ ಜಗ್ಗದಿದ್ದರೆ ಈಗ ಸೆಲ್ಫ್ ಬಿಚ್ಚಿ. ಕಾರ್ಬನ್, ಬುಷ್ ಬದಲಿಸಿ, ಕಮ್ಯುಟೇಟರ್ ಉಜ್ಜಿದರೆ ಎಷ್ಟೋ ಸೆಲ್ಫ್‌ಗಳು ಎದ್ದು ಕೂರುತ್ತವೆ. ಶಿವಾಜಿನಗರಕ್ಕೆ ಹೋಗಲೇಬೇಕಾದರೆ ಹಳೇ ಸೆಲ್ಫ್ ಕೈಯಲ್ಲಿರಲಿ: ಪಿನಿಯನ್ ಹಲ್ಲು ಎಣಿಸಿ, ಸುತ್ತುವ ದಿಕ್ಕು ನೋಡಿ, ಅಂಗಡಿಯಲ್ಲೇ ಬ್ಯಾಟರಿಗೆ ಹಚ್ಚಿ ತಿರುಗಿಸಿ ನೋಡಿ. ದುಡ್ಡಿನ ಮಾತು ಆಮೇಲೆ.